ಪದವಿ ಕೊಡುವ ಮುಂಚೆ ಒಂದು ವರ್ಷ ನೀರಿನ ಪಕ್ಕ ನಿಲ್ಲಿಸಿ

ಜಲಸಂಪನ್ಮೂಲ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಕೊಡುವ ವಿಭಾಗಗಳ ಮುಖ್ಯಸ್ಥರಿಗೆ, ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗಳ ಸದಸ್ಯರಿಗೆ, ಮತ್ತು ಈ ಕೋರ್ಸಿಗೆ ಅರ್ಜಿ ಹಾಕಲು ಹೊರಟಿರುವವರಿಗೆ,

ಮಾನ್ಯರೇ, ನಮಸ್ಕಾರ.

ನಾನು ನಿಮ್ಮಂಥದೇ ಒಂದು ವಿಭಾಗದಲ್ಲಿ ಓದಿ ಹೊರಬಂದವಳು. ಎರಡು ವರ್ಷದ ಕೋರ್ಸು. ಮುಗಿಸಿ ಹನ್ನೊಂದು ವರ್ಷವಾಯಿತು. ಅಲ್ಲಿಂದ ಇಲ್ಲಿಯ ತನಕ ನೀರನ್ನು ಅಳೆಯುವುದು, ಅದನ್ನು ಹೇಗೆ ಹಂಚಬೇಕೆಂದು ಲೆಕ್ಕ ಹಾಕಿಕೊಡುವುದು, ಇದೇ ನನ್ನ ಕೆಲಸ. ಈ ಓದಿನ ಮೇಲೆ ನನಗೆ ತುಂಬಾ ಪ್ರೀತಿಯಿದೆ. ಪ್ರೀತಿಯಿರುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ನಿಮ್ಮಲ್ಲಿ ಸೇರುವ ಪ್ರತಿಯೊಬ್ಬರೂ ಒಂದು ಹೊಳೆಯನ್ನೋ ಒಂದು ಬಾವಿಯನ್ನೋ ಪೂರ್ತಿ ಒಂದು ಜಲವರ್ಷ ತಮ್ಮ ಕೈಯಾರೆ ಅಳೆಯಬೇಕು. ಅಳೆಯದವರಿಗೆ ಪದವಿ ಕೊಡಬೇಡಿ.

ಜಲವರ್ಷ ಅಂದರೆ ನಿಮಗೆ ಗೊತ್ತು. ಅರ್ಜಿ ಹಾಕುವವರಿಗಾಗಿ ಹೇಳುತ್ತೇನೆ. ನೆಲದ ಮೇಲೂ ನೆಲದ ಒಳಗೂ ನೀರು ತೀರಾ ಕಡಿಮೆಯಾಗಿರುವ ಹೊತ್ತಿನಿಂದ ಎಣಿಸಲು ಶುರು ಮಾಡುವ 12 ತಿಂಗಳು ಅದು. ಒಂದೊಂದು ದೇಶದಲ್ಲಿ ಒಂದೊಂದು ತಿಂಗಳಿಗೆ ಶುರುವಾಗುತ್ತದೆ. ಅಮೆರಿಕದಲ್ಲಿ ಅಕ್ಟೋಬರ್ 1ಕ್ಕೆ. ಕ್ಯಾಲೆಂಡರ್ ವರ್ಷ ನೀರಿನ ಕಥೆಯನ್ನು ನಡುವೆ ಕತ್ತರಿಸುತ್ತದೆ. ಜಲವರ್ಷದಲ್ಲಿ ಕಥೆ ಮೊದಲಿಂದ ಕೊನೆಯ ತನಕ ಕಾಣುತ್ತದೆ.

ಇಷ್ಟು ಗಟ್ಟಿಯಾಗಿ ಯಾಕೆ ಕೇಳುತ್ತಿದ್ದೇನೆ ಅಂದರೆ, ನಾನು ಅಳೆಯದೇ ಪದವಿ ತೆಗೆದುಕೊಂಡವಳು.

ನನ್ನ ಥೀಸಿಸ್ ಒಂದು ಸಣ್ಣ ಹೊಳೆಯ ನೆರೆಯ ಬಗ್ಗೆ. ಒಂದು ಕಚೇರಿಯಿಂದ 12 ವರ್ಷದ ದಿನವಹಿ ಹರಿವಿನ ಅಂಕಿಗಳು ಸಿಕ್ಕಿದವು. ಒಂದು ಎಕ್ಸೆಲ್ ಫೈಲು, ನಾಲ್ಕು ಸಾವಿರಕ್ಕೂ ಜಾಸ್ತಿ ಸಾಲು. ಅದನ್ನು ಹೊಳೆಯ ಹರಿವು ಲೆಕ್ಕ ಹಾಕುವ ಒಂದು ಕಂಪ್ಯೂಟರ್ ಮಾಡೆಲ್‌ಗೆ ಕೊಟ್ಟೆ. ತಿಂಗಳುಗಟ್ಟಲೆ ಕೂತು ಮಾಡೆಲ್ ಕೊಡುವ ಹರಿವೂ ಫೈಲಿನಲ್ಲಿದ್ದ ಹರಿವೂ ಒಂದರ ಮೇಲೊಂದು ಕೂರುವ ಹಾಗೆ ಹೊಂದಿಸಿದೆ. ಅದರಲ್ಲೂ ದೊಡ್ಡ ನೆರೆಯ ದಿನಗಳ ಮೇಲೆ ಜಾಸ್ತಿ ಗಮನ ಕೊಟ್ಟೆ, ನೆರೆಯ ಮಾಡೆಲ್ ಅಲ್ವಾ. ಎರಡು ಗೆರೆಗಳು ಚೆನ್ನಾಗಿ ಕೂಡಿದವು. ಪರೀಕ್ಷಕರು ಮೆಚ್ಚಿದರು. ಒಳ್ಳೆಯ ಅಂಕ ಬಂತು. ಎರಡು ವರ್ಷದಲ್ಲಿ ನಾನು ಆ ಹೊಳೆಯನ್ನು ನೋಡಿದ್ದು ಒಂದೇ ಸಲ, ಪ್ರವಾಸದ ಬಸ್ಸಿನಿಂದ ಇಳಿದು ಫೋಟೊ ತೆಗೆಸಿಕೊಂಡಾಗ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಅದೇ ಹೊಳೆಯ ಗೇಜಿನ ಹತ್ತಿರ ಹೋಗುವ ಸಂದರ್ಭ ಬಂತು. ಬಿಳಿ ಹಲಗೆ, ಕಪ್ಪು ಗೆರೆ, ದಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದ ಅಳತೆ ಕಂಬಗಳು. ದಿನಾ ಬೆಳಿಗ್ಗೆ ಸಂಜೆ ಮಟ್ಟ ನೋಡಿ ಬರೆಯಲು ಒಬ್ಬ ಹಿರಿಯರಿದ್ದರು. ಅವರ ಹತ್ತಿರ ಹಳೆಯ ಪುಸ್ತಕಗಳೆಲ್ಲ ಇದ್ದವು, ಒಂದು ತಗಡಿನ ಪೆಟ್ಟಿಗೆಯಲ್ಲಿ. ನನ್ನ ಥೀಸಿಸಿನ ವರ್ಷಗಳದ್ದನ್ನು ಆಸೆಯಿಂದ ತೆರೆದೆ. ಆ ನೆರೆಗಳು ನನಗೆ ಬಾಯಿಪಾಠವಾಗಿದ್ದವು. ದೊಡ್ಡ ದೊಡ್ಡ ಅಂಕಿಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಇಂಟು ಮಾರ್ಕು ಕಾಣಿಸಿತು.

“ಇದೇನು ಯಜಮಾನ್ರೇ, ಈ ಗುರುತು?”

“ಆವತ್ತು ಕಂಬ ಇರಲಿಲ್ಲ ಮೇಡಂ. ಮೇಲಿನ ಎರಡು ಹಲಗೆ ಹಿಂದಿನ ನೆರೆಗೇ ಕೊಚ್ಚಿಕೊಂಡು ಹೋಗಿದ್ವು. ಹೊಸದು ಬರೋಕೆ ಎರಡು ಮಳೆಗಾಲ ಆಯ್ತು. ಅಲ್ಲೀ ತನಕ ಆಚೆ ದಡದ ಮರದ ಬೇರು ನೋಡ್ಕೊಂಡು ಅಂದಾಜಲ್ಲಿ ಬರೀತಿದ್ದೆ. ಅಂದಾಜು ಅಂತ ಓದಿದವ್ರಿಗೆ ಗೊತ್ತಾಗ್ಲಿ ಅಂತ ಮಾರ್ಕ್ ಹಾಕಿದೀನಿ.”

ಅಲ್ಲೇ ಕೂತು ಎಣಿಸಿದೆ. 31 ದಿನ. ನಾನು ಮಾಡೆಲ್ ಹೊಂದಿಸಿದ ಅತಿ ದೊಡ್ಡ ನೆರೆಗಳು ಬಹುಪಾಲು ಅದರಲ್ಲೇ ಇದ್ದವು. ಪುಸ್ತಕದಿಂದ ಕಂಪ್ಯೂಟರಿಗೆ ಅಂಕಿಗಳನ್ನು ಏರಿಸುವಾಗ ಯಾರೋ ಇಂಟು ಮಾರ್ಕನ್ನು ಬಿಟ್ಟಿದ್ದರು. ಅದಕ್ಕೆ ಕಾಲಂ ಇರಲಿಲ್ಲ. ಆ ಹಿರಿಯರು ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ್ದರು. ನನ್ನ ತನಕ ಬರುವಷ್ಟರಲ್ಲಿ ಆ ಪ್ರಾಮಾಣಿಕತೆ ಅಳಿಸಿಹೋಗಿತ್ತು.

ಇದಿಷ್ಟೇ ಆಗಿದ್ದರೆ ಒಂದು ಮಾತು. ಕಂಬ ತೋರಿಸುವುದು ನೀರಿನ ಎತ್ತರವನ್ನು ಮಾತ್ರ. ಎತ್ತರದಿಂದ ಹರಿವನ್ನು ಲೆಕ್ಕ ಹಾಕಲು ಒಂದು ರೇಟಿಂಗ್ ಕರ್ವ್ ಬೇಕು. ಇಷ್ಟು ಎತ್ತರವಿದ್ದಾಗ ಸೆಕೆಂಡಿಗೆ ಇಷ್ಟು ಘನ ಮೀಟರ್ ಅಂತ ಹೇಳುವ ಗೆರೆ ಅದು. ಆ ಗೆರೆ ಎಳೆಯಲು ಯಾರಾದರೂ ಹೊಳೆಗಿಳಿದು ವೇಗ ಅಳೆದಿರಬೇಕು. ಇಳಿಯುವುದು ಯಾವಾಗ? ನೀರು ಮೊಣಕಾಲಿಗೋ ಸೊಂಟಕ್ಕೋ ಇದ್ದಾಗ. ನೆರೆ ಬಂದಾಗ ಇಳಿಯಲು ಆಗುವುದಿಲ್ಲ. ಹಾಗಾಗಿ ಗೆರೆಯ ಮೇಲಿನ ತುದಿಯನ್ನು ಕೆಳಗಿನ ಅಳತೆಗಳಿಂದ ಮುಂದಕ್ಕೆ ಎಳೆದಿರುತ್ತಾರೆ. ಅಂದರೆ ಮಟ್ಟವೂ ಅಂದಾಜು, ಆ ಮಟ್ಟಕ್ಕೆ ಹಚ್ಚಿದ ಗೆರೆಯೂ ಅಂದಾಜು. ನಾನು ಅದರ ಮೇಲೆ ದಶಾಂಶದ ಮೂರನೇ ಸ್ಥಾನದ ತನಕ ಲೆಕ್ಕ ಹಾಕಿದ್ದೆ.

ರೇಟಿಂಗ್ ಕರ್ವ್ ಬಗ್ಗೆ ನನಗೆ ಪಾಠ ಆಗಿರಲಿಲ್ಲ ಅಂತಲ್ಲ. ಆಗಿತ್ತು, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೆ ಈ ಅಂಕಿಯನ್ನು ಯಾರು ಬರೆದರು, ಎಲ್ಲಿ ನಿಂತು ಬರೆದರು, ಆ ದಿನ ಹೇಗಿತ್ತು ಅನ್ನುವ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ನನ್ನ ಮಾರ್ಗದರ್ಶಕರಿಗೂ ಹೊಳೆಯಲಿಲ್ಲ, ಪರೀಕ್ಷಕರಿಗೂ ಹೊಳೆಯಲಿಲ್ಲ. ಮಳೆಯಲ್ಲಿ ನಿಂತು ನೂರು ಅಂಕಿ ಬರೆದವರಿಗೆ ಆ ಪ್ರಶ್ನೆ ತಾನಾಗಿ ಬರುತ್ತದೆ. ಬರೆಯದವರಿಗೆ ಎಷ್ಟು ಪಾಠ ಹೇಳಿದರೂ ಬರುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತದೆ ನಮ್ಮ ಗಾದೆ. ನಾವು ಪ್ರತ್ಯಕ್ಷವಾಗಿಯೂ ಕಾಣದೆ ಪದವಿ ಕೊಡುತ್ತಿದ್ದೇವೆ.

ಇದು ಒಬ್ಬಳ ಥೀಸಿಸಿನ ಕಥೆಯಷ್ಟೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಕಡಿಮೆ ಅಳತೆಯ ಮೇಲೆ ದೊಡ್ಡ ಹಂಚಿಕೆ ಮಾಡಿ ನೂರು ವರ್ಷ ಅನುಭವಿಸಿದವರಿದ್ದಾರೆ. ಕೊಲೊರಾಡೊ ನದಿಯ ನೀರಿಗಾಗಿ ಅಮೆರಿಕದ ಏಳು ರಾಜ್ಯಗಳು 1922ರ ನವೆಂಬರಿನಲ್ಲಿ ಒಪ್ಪಂದ ಮಾಡಿಕೊಂಡವು. ಮೇಲಿನ ಭಾಗಕ್ಕೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿ, ಕೆಳಗಿನ ಭಾಗಕ್ಕೆ 75 ಲಕ್ಷ ಎಕರೆ-ಅಡಿ. ಒಂದು ಎಕರೆ ಜಾಗದಲ್ಲಿ ಒಂದು ಅಡಿ ಎತ್ತರ ನಿಲ್ಲುವಷ್ಟು ನೀರು ಅಂದರೆ ಒಂದು ಎಕರೆ-ಅಡಿ. ನಮಗೆ ರೂಢಿಯಿರುವ ಲೆಕ್ಕದಲ್ಲಿ ಒಂದೊಂದು ಪಾಲು 326 ಟಿಎಂಸಿಗೂ ಜಾಸ್ತಿ. 1944ರ ಒಪ್ಪಂದದಲ್ಲಿ ಮೆಕ್ಸಿಕೊ ದೇಶಕ್ಕೆ ಇನ್ನೂ 15 ಲಕ್ಷ ಎಕರೆ-ಅಡಿ ಸೇರಿತು. ಮೊದಲ ಒಪ್ಪಂದದವರ ಕೈಯಲ್ಲಿದ್ದ ಅಳತೆಗಳು ಕೆಲವೇ ವರ್ಷದ್ದು, ಅದೂ ಮಳೆ ಚೆನ್ನಾಗಿ ಆದ ವರ್ಷಗಳದ್ದು. ಆಮೇಲೆ ಹಳೆಯ ಮರಗಳ ಕಾಂಡದ ಉಂಗುರಗಳನ್ನು ಓದಿದವರು, ಆ ವರ್ಷಗಳು ಹಲವು ಶತಮಾನಗಳಲ್ಲೇ ಅಪರೂಪಕ್ಕೆ ಬರುವಷ್ಟು ತೇವದ ವರ್ಷಗಳು ಎಂದು ಕಂಡುಕೊಂಡರು. 2000ದಿಂದ ಈಚೆಗೆ ಆ ನದಿಯಲ್ಲಿ ಬರುತ್ತಿರುವುದು ಸರಾಸರಿ 120ರಿಂದ 130 ಲಕ್ಷ ಎಕರೆ-ಅಡಿಯ ಆಸುಪಾಸು. ಕಾಗದದ ಮೇಲೆ ಹಂಚಿದ್ದು 165 ಲಕ್ಷ.

ಇನ್ನೊಂದು ಮಾತೂ ಹೇಳಬೇಕು. ಆ ಕಾಲದಲ್ಲೇ ಲಾರೂ ಎಂಬ ಜಲವಿಜ್ಞಾನಿ ಅಷ್ಟು ನೀರಿಲ್ಲ ಎಂದು ಎಚ್ಚರಿಸಿದ್ದರು. ಅವರು ಆ ನದಿಯನ್ನು ಅಳೆಯುತ್ತಾ ಓಡಾಡಿದವರು. ಅವರ ಮಾತನ್ನು ಹಂಚಿಕೆಯ ಮೇಜಿನಲ್ಲಿ ಕೂತವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾಗಿ ಅಳೆಯುವವರು ಸರಿಯಾಗಿ ಅಳೆದರೆ ಸಾಲದು, ಮೇಜಿನಲ್ಲಿ ಕೂರುವವರಿಗೂ ಅಳತೆಯ ಬೆಲೆ ಗೊತ್ತಿರಬೇಕು. ನಿಮ್ಮ ವಿಭಾಗದಿಂದ ಹೋಗುವವರಲ್ಲಿ ಅರ್ಧಕ್ಕರ್ಧ ಜನ ನಾಳೆ ಆ ಮೇಜಿನಲ್ಲೇ ಕೂರುತ್ತಾರೆ. ಕಾನೂನು ಓದಿ ಬಂದವರು, ಅರ್ಥಶಾಸ್ತ್ರ ಓದಿ ಬಂದವರು. ನಾನು ಎಲ್ಲರೂ ಅಳೆಯಬೇಕು ಎನ್ನುವುದು ಅದಕ್ಕೇ. ಎಂಜಿನಿಯರಿಂಗ್ ಮಾಡಿದವರು ಮಾತ್ರ ಅಳೆದರೆ ಸಾಕು ಎನ್ನಬೇಡಿ.

ನಮ್ಮ ಶಾಸ್ತ್ರವೇ ಹೀಗೆ ಹುಟ್ಟಿದ್ದು. ಮಳೆನೀರು ನದಿಗಳಿಗೆ ಸಾಲದು, ಸಮುದ್ರದ ನೀರೇ ನೆಲದೊಳಗಿನ ದಾರಿಗಳಿಂದ ಬೆಟ್ಟಕ್ಕೇರಿ ಊಟೆಯಾಗುತ್ತದೆ ಎಂದು ದೊಡ್ಡ ವಿದ್ವಾಂಸರೇ ನಂಬಿದ್ದ ಕಾಲದಲ್ಲಿ, ಪಿಯರ್ ಪೆರೊ ಎಂಬ ಫ್ರೆಂಚ್ ಮನುಷ್ಯ ಮೂರು ವರ್ಷದ ಮಳೆಯ ಅಳತೆ ಇಟ್ಟುಕೊಂಡು ಸೀನ್ ನದಿಯ ಮೂಲದ ಭಾಗದ ಲೆಕ್ಕ ಹಾಕಿದರು. ಅಲ್ಲಿ ಬಿದ್ದ ಮಳೆ, ನದಿಯಲ್ಲಿ ಹರಿದ ನೀರಿನ ಸುಮಾರು ಆರು ಪಟ್ಟು ಇತ್ತು. 1674ರಲ್ಲಿ ಅದು ಅಚ್ಚಾಯಿತು. ಪೆರೊ ವಿಜ್ಞಾನಿಯಲ್ಲ, ತೆರಿಗೆ ಹಣ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಅಂತರ್ಜಲದ ಲೆಕ್ಕಕ್ಕೆ ಇವತ್ತಿಗೂ ತಳಪಾಯವಾಗಿರುವ ಡಾರ್ಸಿ ನಿಯಮ 1856ರದು. ಫ್ರಾನ್ಸಿನ ದಿಜೋನ್ ಪಟ್ಟಣಕ್ಕೆ ಕುಡಿಯುವ ನೀರು ತಂದ ಎಂಜಿನಿಯರ್ ಆನ್ರಿ ಡಾರ್ಸಿ, ಕೊಳವೆಯಲ್ಲಿ ಮರಳು ತುಂಬಿ ನೀರು ಹಾಯಿಸಿ ಅಳೆದು ಅಳೆದು ಅದನ್ನು ಕಂಡುಕೊಂಡರು. ನಾವು ಆ ಸಮೀಕರಣವನ್ನು ಕಪ್ಪು ಹಲಗೆಯ ಮೇಲೆ ಬರೆದುಕೊಟ್ಟು ಮುಂದಕ್ಕೆ ಹೋಗುತ್ತೇವೆ.

ಕೈಯಾರೆ ಅಳೆದರೆ ಏನು ಸಿಗುತ್ತದೆ ಅಂತ ಒಂದು ಬಾವಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಇದನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ.

ಉಕ್ಕಿನ ಟೇಪು ಬೇಕು, ನೀಲಿ ಸೀಮೆಸುಣ್ಣ ಬೇಕು. ಟೇಪಿನ ಕೊನೆಯ ಒಂದು ಮೀಟರಿಗೆ ಸೀಮೆಸುಣ್ಣ ಉಜ್ಜಿ ಬಾವಿಯೊಳಗೆ ಇಳಿಸುತ್ತೀರಿ. ತುದಿ ನೀರಿಗೆ ಮುಟ್ಟಿ ಸ್ವಲ್ಪ ಮುಳುಗಬೇಕು. ಬಾವಿಯ ಬಾಯಿಯಲ್ಲಿ ಗುರುತು ಮಾಡಿಟ್ಟ ಜಾಗಕ್ಕೆ ಸರಿಯಾಗಿ 15 ಮೀಟರಿನ ಗೆರೆ ಹಿಡಿದು ನಿಲ್ಲಿಸಿದಿರಿ ಅನ್ನಿ. ಮೇಲೆ ಎಳೆದು ನೋಡಿದರೆ ಸೀಮೆಸುಣ್ಣ ಒದ್ದೆಯಾಗಿ ಬಣ್ಣ ಗಾಢವಾಗಿರುತ್ತದೆ. ಒದ್ದೆ 0.42 ಮೀಟರಿನ ತನಕ ಬಂದಿದೆ. 15ರಿಂದ ಅದನ್ನು ಕಳೆದರೆ 14.58. ನೀರು ಅಷ್ಟು ಕೆಳಗಿದೆ. ಇಷ್ಟೇ ಕೆಲಸ. ಆದರೆ ಒಂದೇ ಸಲ ಅಳೆದು ಬರಬಾರದು, ಎರಡನೇ ಸಲವೂ ಇಳಿಸಬೇಕು. ಎರಡೂ ಒಂದು ಸೆಂಟಿಮೀಟರಿನೊಳಗೆ ಹೊಂದಬೇಕು.

ನಾನು ಎರಡನೇ ಸಲ ಇಳಿಸಿದೆ. 14.31 ಬಂತು. ತಪ್ಪಾಯಿತೆಂದು ಟೇಪು ಒರೆಸಿ ಮತ್ತೆ ಇಳಿಸಿದೆ. 14.20. ಟೇಪು ಸರಿಯಿಲ್ಲವೇನೋ ಅಂದುಕೊಂಡೆ. ಆ ಮನೆಯ ಹಿರಿಯಾಕೆ ನೋಡುತ್ತಾ ನಿಂತಿದ್ದರು. “ಈಗಷ್ಟೇ ಮೋಟರ್ ಆಫ್ ಮಾಡಿದ್ದು ಕಣಮ್ಮ, ಇನ್ನೂ ಒಂದ್ ಗಂಟೆ ಬೇಕು ಅದಕ್ಕೆ” ಅಂದರು. ನನ್ನ ಅಳತೆ ತಪ್ಪಾಗಿರಲಿಲ್ಲ. ಬಾವಿ ತುಂಬಿಕೊಳ್ಳುತ್ತಿತ್ತು. ಪಂಪು ನಿಲ್ಲಿಸಿದ ಮೇಲೆ ಮಟ್ಟ ಹೇಗೆ ಮೇಲೇರುತ್ತದೆ ಎಂಬುದರ ಗಣಿತವನ್ನು ನಾನು ಒಂದು ಸೆಮಿಸ್ಟರ್ ಪೂರ್ತಿ ಓದಿದ್ದೆ. ಬಾವಿಯ ಮುಂದೆ ನಿಂತಾಗ ಗುರುತು ಹಿಡಿಯಲಾಗಲಿಲ್ಲ.

ಆಮೇಲೆ ಏನಾಯಿತು ನೋಡಿ. ದಿನಕ್ಕೆ ಎಷ್ಟು ಹೊತ್ತು ಮೋಟರ್ ಹಾಕುತ್ತೀರಿ ಅಂತ ಕೇಳಲೇಬೇಕಾಯಿತು. ಪಕ್ಕದವರದ್ದು ಯಾವಾಗ ಓಡುತ್ತದೆ ಅಂತಲೂ ಕೇಳಬೇಕಾಯಿತು. ಪಕ್ಕದವರು ಹೋದ ವರ್ಷ ಆಳಕ್ಕೆ ಕೊರೆಸಿದ ಮೇಲೆ ಇವರ ಬಾವಿ ತುಂಬಲು ಜಾಸ್ತಿ ಹೊತ್ತು ಬೇಕು ಅಂತ ಗೊತ್ತಾಯಿತು. ಇಬ್ಬರ ನಡುವೆ ಮಾತು ನಿಂತಿದೆ ಅಂತಲೂ ಗೊತ್ತಾಯಿತು. ಒಂದು ಟೇಪು ಇಳಿಸಲು ಹೋದವಳಿಗೆ ಅಂತರ್ಜಲ, ಇಂಧನದ ಖರ್ಚು, ನೆರೆಹೊರೆ, ಕಾನೂನು ಎಲ್ಲವೂ ಒಂದೇ ಅಂಗಳದಲ್ಲಿ ಸಿಕ್ಕವು. ನೀವು ಇವನ್ನು ನಾಲ್ಕು ಬೇರೆ ಬೇರೆ ಪತ್ರಿಕೆಗಳಾಗಿ ಕಲಿಸುತ್ತೀರಿ. ಕಲಿಸಿ, ಬೇಡ ಎನ್ನುವುದಿಲ್ಲ. ಆದರೆ ಅವು ಕೂಡುವ ಜಾಗವನ್ನೂ ತೋರಿಸಿ.

ನೀರಿನ ನಿರ್ವಹಣೆ ಹೇಗಿರಬೇಕೆಂದು 1992ರಲ್ಲಿ ಡಬ್ಲಿನ್ನಿನ ಅಂತರರಾಷ್ಟ್ರೀಯ ಸಮ್ಮೇಳನ ಹೇಳಿದ ನಾಲ್ಕು ಡಬ್ಲಿನ್ ತತ್ವಗಳನ್ನು ನಾವೆಲ್ಲ ಕಂಠಪಾಠ ಮಾಡಿದವರೇ. ನೀರನ್ನು ಒದಗಿಸುವುದರಲ್ಲಿ, ನಿರ್ವಹಿಸುವುದರಲ್ಲಿ, ಕಾಪಾಡುವುದರಲ್ಲಿ ಹೆಂಗಸರದ್ದು ಮುಖ್ಯ ಪಾತ್ರ ಎನ್ನುವುದು ಅದರಲ್ಲಿ ಮೂರನೆಯದು. ಆ ಹಿರಿಯಾಕೆ ಗಡಿಯಾರ ನೋಡದೆ ಹೇಳಿದ ಒಂದು ಗಂಟೆ, ಕೂತು ಅಳೆದಾಗ ಒಂದು ಗಂಟೆ ಹತ್ತು ನಿಮಿಷ ಆಯಿತು. ಮೂರನೇ ತತ್ವ ನನಗೆ ಅರ್ಥವಾದದ್ದು ಆವತ್ತು.

ಎಲಿನರ್ ಆಸ್ಟ್ರಮ್ ಅವರ ಹೆಸರನ್ನು ನಿಮ್ಮಲ್ಲಿ ಎಲ್ಲರೂ ಹೇಳುತ್ತೀರಿ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಹೆಣ್ಣುಮಗಳು. ಅವರ ದಾರಿ ಶುರುವಾದದ್ದು ಒಬ್ಬ ಸಂಶೋಧನಾ ವಿದ್ಯಾರ್ಥಿನಿಯಾಗಿ, ಲಾಸ್ ಏಂಜಲೀಸ್ ಹತ್ತಿರದ ವೆಸ್ಟ್ ಬೇಸಿನ್ ಎಂಬ ಅಂತರ್ಜಲದ ಸೀಮೆಯಲ್ಲಿ. ಎಲ್ಲರೂ ಪಂಪು ಮಾಡಿ ಮಾಡಿ ಸಮುದ್ರದ ಉಪ್ಪುನೀರು ಒಳಗೆ ನುಗ್ಗುತ್ತಿತ್ತು. ನೀರೆತ್ತುವವರೇ ಸೇರಿ ಮಾತಾಡಿ, ಕೋರ್ಟಿಗೂ ಹೋಗಿ, ಯಾರು ಎಷ್ಟು ಎತ್ತಬೇಕೆಂದು ಒಂದು ವ್ಯವಸ್ಥೆ ಕಟ್ಟಿಕೊಂಡರು. ಅದನ್ನೇ ಹಿಡಿದು ಆಸ್ಟ್ರಮ್ 1965ರಲ್ಲಿ ಪಿಎಚ್‌ಡಿ ಮಾಡಿದರು. ಒಂದೇ ಒಂದು ಜಾಗ, ಅಲ್ಲಿನ ನೀರು, ಅಲ್ಲಿನ ಜನ. ನಿಮ್ಮ ವಿದ್ಯಾರ್ಥಿಗಳಿಗೂ ಅಂಥದ್ದೊಂದು ಜಾಗ ಕೊಡಿ ಎನ್ನುವುದಷ್ಟೇ ನನ್ನ ಬೇಡಿಕೆ.

ಹೊಳೆಯ ಪಕ್ಕ ವರ್ಷ ಕಳೆದರೆ ಇನ್ನೊಂದು ವಿಷಯವೂ ತಲೆಗೆ ಹೋಗುತ್ತದೆ. ಮಳೆ ನಿಂತು ಮೂರು ತಿಂಗಳಾದ ಮೇಲೂ ಹೊಳೆಯಲ್ಲಿ ನೀರು ಹರಿಯುತ್ತಿರುತ್ತದೆ. ಎಲ್ಲಿಂದ ಬಂತು? ನೆಲದೊಳಗಿಂದ. ಪಕ್ಕದ ಬಾವಿಯನ್ನೂ ಜೊತೆಗೆ ಅಳೆಯುತ್ತಾ ಹೋದರೆ, ಬಾವಿಯ ಮಟ್ಟ ಇಳಿದ ಹಾಗೆ ಹೊಳೆಯೂ ಸೊರಗುವುದನ್ನು ತನ್ನ ಪುಸ್ತಕದಲ್ಲೇ ಕಾಣಬಹುದು. ನಮಗೆ ಮೇಲಿನ ನೀರಿಗೆ ಒಂದು ಪತ್ರಿಕೆ, ಒಳಗಿನ ನೀರಿಗೆ ಇನ್ನೊಂದು ಪತ್ರಿಕೆ. ಎರಡೂ ಬೇರೆ ನೀರೇ ಅನ್ನುವ ಹಾಗೆ ಓದಿ ಬಂದೆವು. ಕೊಳವೆಬಾವಿ ಕೊರೆಯಲು ಒಬ್ಬರ ಅನುಮತಿ, ಹೊಳೆಯಿಂದ ಎತ್ತಲು ಇನ್ನೊಬ್ಬರ ಅನುಮತಿ ಎಂಬ ನಿಯಮಗಳನ್ನು ಬರೆದವರೂ ಹೀಗೇ ಓದಿ ಬಂದವರಿರಬೇಕು.

ಅಳತೆ ಅಂದರೆ ಎಷ್ಟು ಎಂಬುದು ಮಾತ್ರ ಅಲ್ಲ, ಎಂಥದ್ದು ಎಂಬುದೂ ಹೌದು. ಬಾಂಗ್ಲಾದೇಶದಲ್ಲಿ ಕೆರೆ ಹೊಳೆಗಳ ಕೊಳಕು ನೀರಿನಿಂದ ಮಕ್ಕಳು ಭೇದಿಗೆ ಸಾಯುತ್ತಿದ್ದರು ಅಂತ ಲಕ್ಷಗಟ್ಟಲೆ ಕೊಳವೆಬಾವಿ ಹಾಕಿಸಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ನೀರು ತಿಳಿಯಾಗಿತ್ತು, ವಾಸನೆಯಿರಲಿಲ್ಲ. 1993ರಲ್ಲಿ ಅಲ್ಲಿನ ಬಾವಿಗಳಲ್ಲಿ ಆರ್ಸೆನಿಕ್ ಎಂಬ ವಿಷ ಇರುವುದು ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಕೋಟಿಗಟ್ಟಲೆ ಜನ ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದಿದ್ದರು. ಒಂದು ವರ್ಷ ಬಾವಿ ಅಳೆಯುವ ವಿದ್ಯಾರ್ಥಿ ತಿಂಗಳಿಗೊಂದು ಸಲ ಬಾಟಲಿಯಲ್ಲಿ ಮಾದರಿ ತಂದು ಪ್ರಯೋಗಾಲಯದಲ್ಲಿ ನೋಡಲಿ. ಏನನ್ನು ಹುಡುಕಬೇಕು ಎಂದು ತಾನೇ ಯೋಚಿಸಲಿ.

ಈಗ ನೀವು ಹೇಳಬಹುದಾದ ಮಾತುಗಳಿಗೆ ಬರುತ್ತೇನೆ. ಒಂದೆರಡನ್ನು ನನಗೆ ಎದುರಿಗೇ ಹೇಳಿದ್ದಾರೆ.

ಸಮಯ ಎಲ್ಲಿದೆ ಎನ್ನುತ್ತಾರೆ. ನಾನು ಒಂದು ವರ್ಷ ಪಾಠ ನಿಲ್ಲಿಸಿ ಎನ್ನುತ್ತಿಲ್ಲ. ವಾರಕ್ಕೆ ಎರಡು ಮೂರು ಗಂಟೆ. ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ. ಮೊದಲ ತಿಂಗಳಲ್ಲೇ ಜಾಗ ಆರಿಸಿಕೊಂಡರೆ ಎರಡನೇ ವರ್ಷದ ಶುರುವಿಗೆ ಒಂದು ಸುತ್ತು ಮುಗಿದು, ಥೀಸಿಸಿಗೆ ಸ್ವಂತ ಅಂಕಿಗಳು ಕೈಯಲ್ಲಿರುತ್ತವೆ. ಒಂದೇ ವರ್ಷದ ಕೋರ್ಸು ನಡೆಸುವವರೂ ಇದ್ದಾರೆ. ಅವರು ಸೀಟು ಖಚಿತವಾದ ದಿನದಿಂದಲೇ ಶುರು ಮಾಡಿಸಬಹುದು. ಕೆಲಸದಲ್ಲಿದ್ದುಕೊಂಡು ದೂರದಿಂದ ಓದುವವರಿಗೆ ಇದು ಇನ್ನೂ ಸುಲಭ, ಅವರು ಇರುವ ಕಡೆಯೇ ಒಂದು ಬಾವಿಯೋ ಕಾಲುವೆಯೋ ಇರುತ್ತದೆ. ಏನೂ ಇಲ್ಲದಿದ್ದರೆ ಮಳೆಯಂತೂ ಬೀಳುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಮಳೆಮಾಪಕ ಇಟ್ಟು ದಿನಾ ಬರೆದವರಿಗೆ ಈ ಲೆಕ್ಕ ಜನ್ಮದಲ್ಲಿ ಮರೆಯುವುದಿಲ್ಲ.

ಉಪಗ್ರಹಗಳಿರುವ ಕಾಲದಲ್ಲಿ ಟೇಪು ಹಿಡಿಯಬೇಕೇ ಎನ್ನುತ್ತಾರೆ. 2002ರಲ್ಲಿ ಹಾರಿಸಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳ ಕೆಲಸ ಕಂಡು ನಾನೂ ಬೆರಗಾದವಳು. ಭೂಮಿಯ ಸೆಳೆತದಲ್ಲಿ ಆಗುವ ಸಣ್ಣ ಬದಲಾವಣೆ ಹಿಡಿದು ಅಂತರ್ಜಲ ಎಲ್ಲಿ ಖಾಲಿಯಾಗುತ್ತಿದೆ ಎಂದು ತೋರಿಸಿದವು. ಆದರೆ ಇಂಥ ಉಪಗ್ರಹಗಳು ಕಾಣುವುದು ನೂರಾರು ಕಿಲೋಮೀಟರ್ ಅಗಲದ ಚಿತ್ರ. ಇಬ್ಬರು ಪಕ್ಕದ ಮನೆಯವರ ಬಾವಿಗಳಲ್ಲಿ ಯಾವುದು ಯಾವುದನ್ನು ಒಣಗಿಸುತ್ತಿದೆ ಎಂದು ಅವು ಹೇಳುವುದಿಲ್ಲ. ಜಗಳ ಬರುವುದು ಅಲ್ಲಿ. ಉಪಗ್ರಹದ ಅಂಕಿ ಸರಿಯೋ ಎಂದು ನೋಡಲೂ ನೆಲದ ಮೇಲಿನ ಅಳತೆಯೇ ಬೇಕು.

ಅಪಾಯದ ಮಾತು ಮಾತ್ರ ಪೂರ್ತಿ ನಿಜ. ಒಬ್ಬರೇ ಹೋಗಬಾರದು, ಜೋಡಿಯಾಗಿಯೇ ಹೋಗಬೇಕು. ನೆರೆಯಲ್ಲಿ ಯಾರೂ ನೀರಿಗಿಳಿಯಬಾರದು, ಸೇತುವೆಯ ಮೇಲಿಂದಲೋ ದಡದಿಂದಲೋ ಮಟ್ಟ ನೋಡಿದರೆ ಸಾಕು. ಲೈಫ್ ಜಾಕೆಟ್ ಇಲ್ಲದೆ ಸೊಂಟದ ನೀರಿಗೂ ಬೇಡ. ಈ ನಿಯಮಗಳನ್ನು ಬರೆದು, ಸಹಿ ಹಾಕಿಸಿಕೊಂಡು, ಮೇಲ್ವಿಚಾರಣೆಗೆ ಒಬ್ಬರನ್ನು ನೇಮಿಸಿ. ಇದಕ್ಕೆ ಹಣ ಬೇಕಾಗುತ್ತದೆ. ಹೊಸ ಸಾಫ್ಟ್‌ವೇರಿಗೆ ಹೊಂದಿಸುವ ಹಾಗೆ ಇದಕ್ಕೂ ಹೊಂದಿಸಿ ಎಂದು ಕೈಮುಗಿದು ಕೇಳುತ್ತೇನೆ.

ಅಂಕ ಕೊಡುವ ಬಗ್ಗೆ ಒಂದು ಮಾತು, ನನಗೆ ಇದು ಎಲ್ಲಕ್ಕಿಂತ ಮುಖ್ಯ. ಅಂದವಾದ ಗ್ರಾಫಿಗೆ ಅಂಕ ಕೊಡಬೇಡಿ. ಕ್ಷೇತ್ರ ಪುಸ್ತಕಕ್ಕೆ ಕೊಡಿ, ಮಣ್ಣು ಮೆತ್ತಿದ ಆ ಪುಸ್ತಕಕ್ಕೆ. ತಪ್ಪು ಬರೆದದ್ದನ್ನು ಅಳಿಸದೆ, ಓದಲು ಬರುವ ಹಾಗೆ ಅಡ್ಡ ಗೆರೆ ಹಾಕಿ ಪಕ್ಕದಲ್ಲಿ ಸರಿ ಬರೆದಿದ್ದಾರೆಯೇ ನೋಡಿ. ಜ್ವರ ಬಂದು ಹೋಗಲಾಗದ ದಿನವನ್ನು ಖಾಲಿ ಬಿಟ್ಟಿದ್ದಾರೆಯೇ ನೋಡಿ. ಖಾಲಿ ದಿನಕ್ಕೆ ಅಂಕ ಕಳೆಯಬೇಡಿ. ಅಂದಾಜಿನಲ್ಲಿ ತುಂಬಿ, ಅಂದಾಜು ಅಂತ ಗುರುತು ಹಾಕದ ದಿನಕ್ಕೆ ಕಳೆಯಿರಿ.

ಒಂದು ತಂಡ ಬಿಟ್ಟುಹೋದ ಬಾವಿಯನ್ನು ಮುಂದಿನ ತಂಡ ಹಿಡಿದುಕೊಳ್ಳಲಿ. ಹೋಗುವವರು ಬರುವವರನ್ನು ಕರೆದುಕೊಂಡು ಹೋಗಿ ಜಾಗ ತೋರಿಸಿ, ಆ ಮನೆಯವರ ಪರಿಚಯ ಮಾಡಿಸಿ, ಟೇಪು ಕೈಗೆ ಕೊಡಲಿ. ಹತ್ತು ತಂಡ ದಾಟಿದರೆ ನಿಮ್ಮ ವಿಭಾಗದ ಹತ್ತಿರ ಹತ್ತು ವರ್ಷದ ದಾಖಲೆ ಇರುತ್ತದೆ, ಪ್ರತಿ ಅಂಕಿಯ ಹಿಂದೆ ಯಾರಿದ್ದರು ಎಂಬುದೂ ಗೊತ್ತಿರುತ್ತದೆ. ಹವಾಮಾನ ಬದಲಾಗುತ್ತಿರುವಾಗ ಅಂಥ ದಾಖಲೆ ಎಷ್ಟು ಬೆಲೆಯುಳ್ಳದ್ದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಳೆದದ್ದನ್ನು ಆ ಮನೆಯವರಿಗೂ ವರ್ಷಕ್ಕೊಮ್ಮೆ ಒಂದು ಹಾಳೆಯಲ್ಲಿ ಬರೆದುಕೊಡಿ. ಅವರ ನೀರಿನ ಲೆಕ್ಕ, ಮೊದಲು ಅವರಿಗೆ ಸಲ್ಲಬೇಕು.

ಅರ್ಜಿ ಹಾಕುವವರೇ, ನಿಮಗೆ ಸ್ವಲ್ಪ ಹೇಳಿ ಮುಗಿಸುತ್ತೇನೆ. ಹೆಸರು ಒಂದೇ ಇದ್ದರೂ ಈ ಕೋರ್ಸು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಕೆಲವು ಕಡೆ ಅಣೆಕಟ್ಟು ಕಾಲುವೆಗಳ ಎಂಜಿನಿಯರಿಂಗ್, ಕೆಲವು ಕಡೆ ಜಲವಿಜ್ಞಾನ, ಕೆಲವು ಕಡೆ ನೀತಿ ಮತ್ತು ಕಾನೂನು. ಸೇರುವ ಮುಂಚೆ ವಿಷಯಪಟ್ಟಿ ಪೂರ್ತಿ ಓದಿ. ಗಣಿತ ಬಿಟ್ಟು ವರ್ಷಗಳಾಗಿದ್ದರೆ ಹೆದರಬೇಡಿ, ಆದರೆ ಸೇರುವ ಮುಂಚಿನ ತಿಂಗಳುಗಳಲ್ಲಿ ಸಂಖ್ಯಾಶಾಸ್ತ್ರವನ್ನು ಒಂದು ಸಲ ತಿರುವಿ ಹಾಕಿ. ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಮಾತಾಡಿಸಿ. ವಿಭಾಗದವರನ್ನು ಎರಡು ಪ್ರಶ್ನೆ ಕೇಳಿ: ನಿಮ್ಮ ಹತ್ತಿರ ಹರಿವು ಅಳೆಯುವ ಉಪಕರಣ ಇದೆಯಾ, ಹೋದ ವರ್ಷ ಅದನ್ನು ಯಾರು ಎಷ್ಟು ಸಲ ಹೊರಗೆ ತೆಗೆದರು? ಉತ್ತರ ಕೊಡಲು ತಡವರಿಸಿದರೂ ಸೇರಬಹುದು. ಸೇರಿ ನೀವೇ ಹೊರಗೆ ತೆಗೆಯಿರಿ.

ಆ ಹಿರಿಯರು ಈಗ ಕೆಲಸದಲ್ಲಿಲ್ಲ. ಪುಸ್ತಕಗಳು ಕಚೇರಿಗೆ ಬಂದಿವೆ. ಹೋದ ವರ್ಷ ನಾನೇ ಕೂತು ಆ ಫೈಲಿಗೆ ಒಂದು ಹೊಸ ಕಾಲಂ ಸೇರಿಸಿದೆ. 31 ಸಾಲುಗಳ ಮುಂದೆ “ಅಂದಾಜು” ಅಂತ ಬರೆದೆ. ನನ್ನ ಥೀಸಿಸ್ ಇರುವ ಗ್ರಂಥಾಲಯಕ್ಕೂ ಒಂದು ತಿದ್ದುಪಡಿ ಹಾಳೆ ಕಳಿಸಿದ್ದೇನೆ.

ನಿಮ್ಮಲ್ಲಿ ಯಾವ ವಿಭಾಗವಾದರೂ ಮುಂದಿನ ಜಲವರ್ಷದಿಂದ ಇದನ್ನು ಶುರು ಮಾಡುವುದಾದರೆ ಮೊದಲ ವಾರ ವಿದ್ಯಾರ್ಥಿಗಳ ಜೊತೆ ಬಾವಿಯ ಹತ್ತಿರ ನಿಲ್ಲಲು ನಾನು ಬರುತ್ತೇನೆ. ಟೇಪು, ಸೀಮೆಸುಣ್ಣ ನಾನೇ ತರುತ್ತೇನೆ.

ಇಂತಿ,
ನಿಮ್ಮಂಥದೇ ಒಂದು ವಿಭಾಗದ ಹಳೆಯ ವಿದ್ಯಾರ್ಥಿನಿ